ಕೇಳಿಸದ ಮಾತಿಗೆ ನಕ್ಕವನು

ಆ ಭಾನುವಾರ ಸಿದ್ದೇಶ ಎಲ್ಲರಿಗಿಂತ ಮೊದಲೇ ಗಂಗಾವತಿ ತಲುಪಿದ್ದ. ಗೆಳೆಯರನ್ನು ನೋಡುವ ಆತುರಕ್ಕಲ್ಲ, ಊಟದ ಹೋಟೆಲಿನಲ್ಲಿ ಕುರ್ಚಿ ಆರಿಸಿಕೊಳ್ಳುವುದಕ್ಕೆ. ಎಡಗಿವಿ ಅವನಿಗೆ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಬಲಗಿವಿಯಲ್ಲಿ ಇನ್ನೂ ಅಷ್ಟಿಷ್ಟು ಜೀವ ಉಳಿದಿತ್ತು. ಎಡಕ್ಕೆ ಗೋಡೆ ಬರುವ ಹಾಗೆ ಮೂಲೆಯಲ್ಲಿ ಕೂತರೆ ಮೂವರು ಗೆಳೆಯರೂ ಬಲಕ್ಕೋ ಎದುರಿಗೋ ಬರುತ್ತಾರೆ, ಬಾಯಿ ನೋಡುತ್ತ ಹೇಗೋ ಸಂಭಾಳಿಸಬಹುದು ಎಂದು ಕೊಪ್ಪಳದಿಂದ ಬರುವ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದ.

ಕಿವಿಯ ವಿಷಯ ಗೆಳೆಯರಿಗೆ ಗೊತ್ತಿರಲಿಲ್ಲ. ಸಿದ್ದೇಶ ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಕಲ್ಲು ಪುಡಿಮಾಡುವ ಯಂತ್ರಗಳ ಪಕ್ಕದಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಕಿವಿಗೆ ಇಟ್ಟುಕೊಳ್ಳಲು ಕಂಪನಿಯವರು ಕೊಡುವ ಬೂಚುಗಳನ್ನು ವಯಸ್ಸಿನ ಹುಮ್ಮಸ್ಸಿನಲ್ಲಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದವನು. ಮೊದಲು ಹಕ್ಕಿಗಳು ಕೇಳಿಸುವುದು ನಿಂತಿತು; ಅದು ಅವನಿಗೆ ಗೊತ್ತೂ ಆಗಲಿಲ್ಲ. ಆಮೇಲೆ ಫೋನಿನಲ್ಲಿ ಮಾತು ಅರ್ಥವಾಗದಂತಾಯಿತು. ಯಾರು ಕರೆ ಮಾಡಿದರೂ ಎತ್ತದೆ, "ಡ್ಯೂಟಿ ಮ್ಯಾಗ ಅದೀನಿ, ಮೆಸೇಜ್ ಹಾಕು" ಎಂದು ಬರೆದು ಕಳಿಸುವುದನ್ನು ಅಭ್ಯಾಸ ಮಾಡಿಕೊಂಡ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡುತ್ತಿದ್ದರು. ಸದ್ದು ಬಂದಾಗ ಗುಂಡಿ ಒತ್ತಬೇಕು. ಸಿದ್ದೇಶ ಸದ್ದಿಗೆ ಕಾಯದೆ ಪರೀಕ್ಷೆ ಮಾಡುವವನ ಭುಜವನ್ನು ನೋಡುತ್ತಿದ್ದ. ಅದು ಅಲ್ಲಾಡಿದಾಗ ಒತ್ತಿ, ಪಾಸಾಗಿ ಬರುತ್ತಿದ್ದ. ಸಿಕ್ಕಿಬಿದ್ದರೆ ಯಂತ್ರಗಳ ನಡುವಿನಿಂದ ಎತ್ತಿ ಯಾವುದೋ ಕೋಣೆಯಲ್ಲಿ ಕೂರಿಸುತ್ತಾರೆಂಬ ಭಯ.

ಹೆಂಡತಿ ಭವಾನಿಗೆ ಮಾತ್ರ ಗೊತ್ತಿತ್ತು. ಅವಳು ಇರಕಲ್ಲಗಡದ ಆಸ್ಪತ್ರೆಯಲ್ಲಿ ನರ್ಸು. "ಹುಬ್ಬಳ್ಳಿಗಿ ಹೋಗಿ ತೋರಿಸ್ಕೊಂಡು ಬರೂಣು ನಡೀರಿ" ಎಂದು ಎಷ್ಟೋ ಸಲ ಹೇಳಿದ್ದಳು. "ಧೂಳ ಹೋಗಿರತೈತಿ, ಎಣ್ಣಿ ಬಿಟ್ಟೀನಿ" ಎನ್ನುತ್ತಿದ್ದ ಅವನು. ಕೊನೆಗೆ ಅವಳು ಹೇಳುವುದನ್ನು ಬಿಟ್ಟಳು. ಅದರ ಜೊತೆಗೆ ಬೇರೆ ಮಾತುಗಳೂ ಕಡಿಮೆಯಾದವು. ಮೊದಲು ಸಂಜೆ ಬಂದ ಕೂಡಲೆ ಆಸ್ಪತ್ರೆಯ ಕತೆಗಳನ್ನೆಲ್ಲ ಹೇಳುತ್ತಿದ್ದವಳು ಈಗ ಬೇಕಾದ್ದನ್ನಷ್ಟೇ ಜೋರಾಗಿ ಹೇಳುತ್ತಿದ್ದಳು. ಗ್ಯಾಸ್ ಬಂದ್ ಮಾಡ್ರಿ. ನೀರು ಬಂದಾವ. ಉಣ್ಣಾಕ ಬರ್ರಿ. ಕೂಗಿ ಹೇಳುವಷ್ಟು ಮುಖ್ಯವಲ್ಲದ ಮಾತುಗಳೆಲ್ಲ ಮನೆಯಿಂದ ಒಂದೊಂದಾಗಿ ಹೊರಟುಹೋದವು. ಅವುಗಳೇ ಮನೆ ತುಂಬ ಇದ್ದವು ಎಂಬುದು ಅವು ಹೋದ ಮೇಲೆ ಸಿದ್ದೇಶನಿಗೆ ತಿಳಿಯಿತು.

ಊಟಕ್ಕೆ ಕರೆದವನು ಪ್ರಭುರಾಜ. ಗಂಗಾವತಿಯ ಅಕ್ಕಿ ವ್ಯಾಪಾರದ ಮನೆತನದವನು. ಕೊಪ್ಪಳದ ಹಾಸ್ಟೆಲಿನಲ್ಲಿ ಪಿಯುಸಿ ಓದುವಾಗ ಒಂದೇ ಕೋಣೆಯಲ್ಲಿದ್ದ ನಾಲ್ವರಲ್ಲಿ ಅವನೊಬ್ಬ. ಇನ್ನಿಬ್ಬರೆಂದರೆ ಕುಷ್ಟಗಿಯಲ್ಲಿ ಔಷಧಿ ಅಂಗಡಿ ಇಟ್ಟಿರುವ ತೌಸೀಫ ಮತ್ತು ಯಲಬುರ್ಗಾದಲ್ಲಿ ಹೈಸ್ಕೂಲ್ ಮಾಸ್ತರನಾಗಿರುವ ಆಂಜನೇಯ. ನಾಲ್ಕು ದಿಕ್ಕಿಗೆ ಹೋದ ಮೇಲೆ ಮದುವೆ, ಮುಂಜಿಗಳಲ್ಲಿ ಸಿಕ್ಕಿದ್ದೇ ಹೆಚ್ಚು. ನಾಲ್ವರೇ ಕೂತು ಉಂಡು ವರ್ಷಗಳಾಗಿದ್ದವು. ಆನೆಗೊಂದಿ ರಸ್ತೆಯಲ್ಲಿ ಹೊಸದಾಗಿ ಬಿಸ್ಟ್ರೊ ಎಂಬ ಫ್ಯಾಶನ್ನಿನ ಹೋಟೆಲೊಂದು ಆಗಿದೆ, ಹಂಪಿಗೆ ಬರುವ ದೊಡ್ಡ ಮಂದಿಯೆಲ್ಲ ಅಲ್ಲಿಗೇ ಬರುತ್ತಾರೆ, ಈ ಸಲ ಅಲ್ಲಿಯೇ ಎಂದು ಪ್ರಭುರಾಜ ಗುಂಪಿನಲ್ಲಿ ಮೆಸೇಜ್ ಹಾಕಿದ್ದ. ಏನಾದರೂ ನೆಪ ಹೇಳೋಣವೆಂದು ಸಿದ್ದೇಶ ಎರಡು ದಿನ ಉತ್ತರಿಸಿರಲಿಲ್ಲ. ಆಮೇಲೆ ಆಂಜನೇಯ, "ಸಿದ್ದ ಬರಲಿಲ್ಲಂದ್ರ ನಾನೂ ಬರಂಗಿಲ್ಲ" ಎಂದು ಬರೆದ. ಅದನ್ನು ನೋಡಿ ಹೂಂ ಎಂದುಬಿಟ್ಟಿದ್ದ.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಕತ್ತಲೆ. ಕಿಟಕಿಗಳಿಗೆ ಕಪ್ಪು ಗಾಜು, ಮೇಲಿಂದ ಇಳಿಬಿಟ್ಟ ಬುಟ್ಟಿಯಂಥ ದೀಪಗಳು, ಒಂದೊಂದು ಮೇಜಿನ ಮೇಲೂ ಒಂದು ಮೇಣದಬತ್ತಿ. ಸಿದ್ದೇಶನ ಲೆಕ್ಕ ಅಲ್ಲಿಯೇ ಅರ್ಧ ತಪ್ಪಿತು. ಮುಖ ಸರಿಯಾಗಿ ಕಾಣದಿದ್ದರೆ ಬಾಯಿ ಓದುವುದು ಹೇಗೆ? ಆದರೂ ತಾನು ಅಂದುಕೊಂಡಂಥ ಮೂಲೆ ಹುಡುಕಿ, ಎಡಭುಜವನ್ನು ಗೋಡೆಗೆ ತಾಗಿಸಿ ಕೂತ.

ಮೂವರೂ ಒಟ್ಟಿಗೆ ಬಂದರು. ಪ್ರಭುರಾಜ ದೂರದಿಂದಲೇ ಕೈಬೀಸಿದ.

"ಏ, ಆ ಮೂಲ್ಯಾಗ ಯಾಕ ಕುಂತೀಯಲೇ, ಸಂಡಾಸದ ಬಾಜೂಕ? ಏಳು, ನಡುವಿನ ಟೇಬಲ್ ಹೇಳಿಟ್ಟೀನಿ!"

ಇದು ಕೇಳಿಸಿತು. ಪ್ರಭುರಾಜನ ದನಿಯೇ ಅಂಥದ್ದು. ಎದ್ದು ಹೋಗದೆ ಗತಿಯಿರಲಿಲ್ಲ. ನಡುವಿನ ಮೇಜಿನ ಮೇಲ್ಗಡೆಯೇ ಸ್ಪೀಕರು ಇತ್ತು. ಅದರಿಂದ ಬರುತ್ತಿದ್ದ ಹಾಡಿನ ತಾಳ ಮೇಜಿನ ಹಲಗೆಯಲ್ಲಿ ಕೈಗೆ ತಾಗುತ್ತಿತ್ತು. ಆ ಕಡೆ ಯಾರದೋ ಮಗುವಿನ ಹುಟ್ಟುಹಬ್ಬ. ಹತ್ತಿಪ್ಪತ್ತು ಜನ ಬಲೂನು ಒಡೆಯುತ್ತಿದ್ದರು. ಸಿದ್ದೇಶನ ಬಲಗಿವಿಯೊಳಗೆ ಎಲ್ಲವೂ ಕಲಸಿ ಒಂದೇ ಗುಂಯ್ ಎನ್ನುವ ಮುದ್ದೆಯಾಯಿತು. ಆಂಜನೇಯ ಬಂದು ಅವನ ಎಡಕ್ಕೇ ಕೂತ, ಹೆಗಲ ಮೇಲೆ ಕೈಹಾಕಿ ಏನೋ ಕೇಳಿದ.

"ಆರಾಮ ಅದೀನಿ" ಎಂದ ಸಿದ್ದೇಶ. ಉತ್ತರ ಹೊಂದಿರಬೇಕು, ಆಂಜನೇಯ ತಲೆಯಾಡಿಸಿದ.

ಸಿದ್ದೇಶನಿಗೆ ಕೆಲವು ಉಪಾಯಗಳು ರೂಢಿಯಾಗಿದ್ದವು. ತಾನೇ ಹೆಚ್ಚು ಮಾತಾಡುವುದು ಒಂದು, ಮಾತಾಡುವವನು ಕೇಳಬೇಕಾಗಿಲ್ಲ. ಕಾರ್ಖಾನೆಗೆ ಹೊಸದಾಗಿ ಬಂದ ಮ್ಯಾನೇಜರನ ಕತೆ ತೆಗೆದು ಉದ್ದಕ್ಕೆ ಹೇಳಿದ. ಅದು ಮುಗಿದ ಮೇಲೆ ತೌಸೀಫನನ್ನು ಅಂಗಡಿಯ ಬಗ್ಗೆ ಕೇಳಿ, ಅವನು ಹೇಳುವಷ್ಟು ಹೊತ್ತೂ ಹುಬ್ಬು ಏರಿಸುತ್ತ, "ಹೌದಾ! ಖರೇನ?" ಎನ್ನುತ್ತ ಕೂತ. ವೇಟರ್ ಬಂದು ಬಾಗಿ ಏನೇನೋ ಕೇಳಿದಾಗ ಎರಡು ಸಲ ಎಸ್ ಅಂದ. ಸ್ವಲ್ಪ ಹೊತ್ತಿಗೆ ಉಳಿದವರ ಮುಂದೆ ಹಬೆಯಾಡುವ ತಟ್ಟೆಗಳು ಬಂದವು, ಅವನ ಮುಂದೆ ಒಂದು ಬಟ್ಟಲು ಹಸಿ ಎಲೆಗಳೂ ತಣ್ಣಗಿನ ಬೀಟ್‌ರೂಟ್ ಸೂಪೂ ಬಂದವು. ಮೂವರೂ ನಕ್ಕರು. "ಡಾಕ್ಟರ್ ಹೇಳ್ಯಾರ, ಹೊಟ್ಟಿ ಕರಗಸ್ಬೇಕಂತ" ಎಂದು ತಾನೂ ನಕ್ಕು, ಆ ಎಲೆಗಳನ್ನು ಒಂದೊಂದಾಗಿ ಅಗಿದ.

ಆದರೆ ಉಪಾಯಗಳಿಗೂ ಆಯಾಸವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮೂವರ ಮಾತು ಅವನನ್ನು ದಾಟಿಕೊಂಡು ಓಡತೊಡಗಿತು. ಒಬ್ಬ ಶುರುಮಾಡಿದ್ದನ್ನು ಇನ್ನೊಬ್ಬ ಕಸಿದುಕೊಂಡು, ಮೂರನೆಯವನು ಮುಗಿಸುವ ಆ ಹಳೆಯ ಹಾಸ್ಟೆಲಿನ ಓಟ. ಸಿದ್ದೇಶನ ಕಣ್ಣು ಒಂದು ಬಾಯಿಗೆ ತಲುಪುವಷ್ಟರಲ್ಲಿ ಮಾತು ಇನ್ನೊಂದು ಬಾಯಿಯಲ್ಲಿರುತ್ತಿತ್ತು. ಹಾಸ್ಟೆಲಿನಲ್ಲಿ ಆ ಓಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ಅವನೇ. ಈಗ ಅವರು ನಕ್ಕಾಗ ಅರೆಗಳಿಗೆ ತಡವಾಗಿ ನಕ್ಕು, ನೀರು ಕುಡಿದು, ಮೇಣದಬತ್ತಿಯನ್ನು ನೋಡಿದ. ಮೂವರೂ ಕೈಗೆ ಸಿಗುವಷ್ಟು ಹತ್ತಿರವಿದ್ದರು. ಅವನಿಗೆ ಮಾತ್ರ ತಾನು ಹೊರಗೆ ನಿಂತು, ಆ ಕಪ್ಪು ಗಾಜಿನ ಮೂಲಕ ಅವರ ಊಟ ನೋಡುತ್ತಿರುವಂತೆ ಅನಿಸಿತು.

ಪ್ರಭುರಾಜ ಏನೋ ಭಾರಿ ತಮಾಷೆ ಹೇಳಿದ, ತೌಸೀಫ ಮೇಜು ಬಡಿದು ನಕ್ಕ. ಅದರ ಹಿಂದೆಯೇ ಆಂಜನೇಯ ಮಾತು ಶುರುಮಾಡಿದ. ಆಂಜನೇಯ ಎಂಥ ಜೋಕನ್ನೂ ಮುಖ ಸಪ್ಪೆ ಮಾಡಿಕೊಂಡೇ ಹೇಳುವವನು. ಆ ಮುಖಕ್ಕೇ ಹಾಸ್ಟೆಲು ಬಿದ್ದು ಬಿದ್ದು ನಗುತ್ತಿತ್ತು. ಈಗಲೂ ಅದೇ ಸಪ್ಪೆ ಮುಖ. ಅವನು ಎಡಗಡೆ ಇದ್ದದ್ದರಿಂದ ಸಿದ್ದೇಶನಿಗೆ "ಅವ್ವ" ಎಂಬುದೊಂದು, ಆಮೇಲೆ "ಯಾವೂರಪ್ಪಾ ನೀನು" ಎಂಬುದೊಂದು ಕೇಳಿಸಿತು. ಅಷ್ಟು ಸಾಕಾಯಿತು. ಆಂಜನೇಯನ ತಾಯಿ ಮುದಕಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹಾಸ್ಟೆಲಿಗೆ ಬಂದಾಗಲೆಲ್ಲ ಸಿಕ್ಕ ಸಿಕ್ಕ ಹುಡುಗರನ್ನು ನಿಲ್ಲಿಸಿ, "ಯಾವೂರಪ್ಪಾ ನೀನು?" ಎಂದು ಕೇಳುವವಳು. ವಾರ್ಡನನ್ನೂ ಬಿಟ್ಟಿರಲಿಲ್ಲ. ಅದನ್ನು ಅಣಕಿಸುವುದು ಅವರ ಹಳೆಯ ಆಟ. ಬಹಳ ಹೊತ್ತಿನ ಮೇಲೆ ಒಂದು ಮಾತು ಕೈಗೆ ಸಿಕ್ಕ ಸಂತೋಷಕ್ಕೆ ಸಿದ್ದೇಶ ಗಟ್ಟಿಯಾಗಿ ನಕ್ಕುಬಿಟ್ಟ. ಆಂಜನೇಯನ ಬೆನ್ನಿಗೆ ಹೊಡೆದು ಅಂದ:

"ಕೇಳಬೇಕಲ್ಲಲೇ ಮತ್ತ! ಇಂಥಾ ಮಗನ್ನ ಯಾರು ಗುರ್ತು ಹಿಡೀತಾರ?"

ಯಾರೂ ನಗಲಿಲ್ಲ. ತೌಸೀಫನ ಕೈಯಲ್ಲಿದ್ದ ಚಮಚ ಹಾಗೆಯೇ ನಿಂತಿತು. ತನ್ನ ಮಾತು ಅವರಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಸಿದ್ದೇಶ ಇನ್ನೊಮ್ಮೆ, ಇನ್ನೂ ಜೋರಾಗಿ ಅದನ್ನೇ ಹೇಳಿದ.

ಆಂಜನೇಯ ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದ.

"ಏನಾತು?" ಎಂದ ಸಿದ್ದೇಶ. ಪ್ರಭುರಾಜ ಮುಂದೆ ಬಾಗಿ ಏನೋ ಹೇಳಿದ. ಅದರಲ್ಲಿ ನಾಚಿಕೆ ಎಂಬುದಷ್ಟೇ ತಿಳಿಯಿತು. ಇನ್ನೊಮ್ಮೆ ಕೇಳುವ ಧೈರ್ಯವಾಗದೆ ಸಿದ್ದೇಶ ಆಂಜನೇಯನ ಹಿಂದೆಯೇ ಓಡಿದ.

ಬಿಸಿಲಲ್ಲಿ ಆಂಜನೇಯ ಬೈಕಿನ ಮೇಲೆ ಬಾಗಿ ಬೀಗ ತೆಗೆಯುತ್ತಿದ್ದ. ಬೆನ್ನು ಈ ಕಡೆಗಿತ್ತು. ಹಾಗೆಯೇ, ತಿರುಗದೆ, ಏನೋ ಕೇಳಿದ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ಸಿದ್ದೇಶನಿಗೆ ಒಂದಕ್ಷರವೂ ಕೇಳಿಸಲಿಲ್ಲ. ಹುಷಾರಿಲ್ಲ, ಮನೆಗೆ ಹೋಗ್ತೀನಿ ಎಂದಿರಬಹುದು ಎಂದುಕೊಂಡು, ರೂಢಿಯಂತೆ, "ಹೂಂ" ಎಂದ.

ಆಂಜನೇಯ ತಿರುಗಿ ಅವನನ್ನು ನೋಡಿದ. ಗುರುತಿಲ್ಲದ ಮನುಷ್ಯನನ್ನು ನೋಡುವ ಹಾಗೆ ನೋಡಿ, ಬೈಕು ಹತ್ತಿ ಹೋದ.

ತೌಸೀಫ ಹೊರಗೆ ಬಂದ. ಸಿದ್ದೇಶನ ಎದುರಿಗೇ ನಿಂತು ಹೇಳಿದ್ದರಿಂದ ಈಗ ಎಲ್ಲ ತಿಳಿಯಿತು.

"ಏನಾಗೇತಲೇ ನಿನಗ? ಅವರವ್ವಗ ನೆನಪ ಹೋಗೇತಿ. ಅಕಿ ಮಗನ್ನ ಗುರ್ತು ಹಿಡಿಯವಲ್ಲಳು. ಮುಂಜಾನಿ ನಾಷ್ಟಾ ತಿನಸಾಕ ಹೋದ್ರ 'ಯಾವೂರಪ್ಪಾ ನೀನು' ಅಂತ ಕೇಳಿದ್ಲಂತ ಅವನ್ನ. ಅದನ್ನ ಹೇಳಾಕತ್ತಿದ್ದ. ಕಣ್ಣಾಗ ನೀರು ಬಂದಿತ್ತು ಅವಂಗ, ನೀ ನಗತೀಯಲ್ಲೋ!"

ಸಿದ್ದೇಶ ಬಾಗಿಲ ಕಡೆ ಕೈ ತೋರಿಸಿದ. "ನನಗ ಕೇಳಸಲಿಲ್ಲೋ. ಒಳಗ ಭಾಳ ಗದ್ದಲಿತ್ತು."

"ಗದ್ದಲ ನಮಗೂ ಇತ್ತಲ್ಲೋ" ಎಂದ ತೌಸೀಫ.

ಆಗ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ತಪ್ಪು ಮಾಡಿದ ಗಳಿಗೆಯಲ್ಲೇ ತೆಗೆದಿಟ್ಟರೆ ಯಾರು ನಂಬುತ್ತಾರೆ, ಸುಳ್ಳು ನೆಪ ಅನ್ನುತ್ತಾರೆ ಎಂದು ಅವನಿಗೆ ಅನಿಸಿತು. ತೌಸೀಫ ತಲೆಯಾಡಿಸಿ ಒಳಗೆ ಹೋದ. ಸಿದ್ದೇಶ ಒಳಗೆ ಹೋಗಲಿಲ್ಲ.

ಕೊಪ್ಪಳಕ್ಕೆ ಬರುವಾಗ ಬೂದಗುಂಪಾ ಕ್ರಾಸಿನಲ್ಲಿ ಕಾರು ನಿಲ್ಲಿಸಿ ಬಹಳ ಹೊತ್ತು ಕೂತ. ಒಮ್ಮೆ ಪಿಯುಸಿಯಲ್ಲಿ ಅವನಿಗೆ ಕಾಮಾಲೆಯಾದಾಗ ಮುದಕಮ್ಮ ತನ್ನ ಊರಿಗೆ ಕರೆದುಕೊಂಡು ಹೋಗಿ ಪಥ್ಯದ ಗಂಜಿ ಮಾಡಿ ಹಾಕಿದ್ದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸುತ್ತಿದ್ದಳು. ಅದೆಲ್ಲ ನೆನಪಾಯಿತು. ಗಾಜು ಏರಿಸಿದ ಕಾರಿನೊಳಗೆ ಪೂರ್ತಿ ನಿಶ್ಶಬ್ದ. ತಾನು ಅಳುತ್ತಿರುವ ಸದ್ದೂ ಅವನಿಗೆ ದೂರದ್ದೆನ್ನುವಂತೆ ಕೇಳಿಸಿತು.

ಮನೆಗೆ ಬಂದು ಭವಾನಿಯ ಮುಂದೆ ಎಲ್ಲ ಹೇಳಿದ. ಅವಳು ಬಯ್ಯಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಮುಖ ಕೊಟ್ಟು ನಿಧಾನಕ್ಕೆ ಹೇಳಿದಳು.

"ಮೊದ್ಲು ಅವರ ಮನಿಗಿ ಹೋಗಿ ಬರ್ರಿ. ಡಾಕ್ಟರ್ ಕಡೆ ಆಮ್ಯಾಲ ಹೋಗೂಣು."

ವಾರದ ರಜೆಯ ದಿನ ಕುಕನೂರಿನ ಮೇಲೆ ಹಾಯ್ದು ಯಲಬುರ್ಗಾಕ್ಕೆ ಹೋದ. ಆಂಜನೇಯನ ಮನೆಯ ಪಡಸಾಲೆಯಲ್ಲಿ ಮುದಕಮ್ಮ ಮಂಚದ ಮೇಲೆ ಕೂತು ಸೀರೆಯ ಸೆರಗಿನ ದಾರ ಬಿಡಿಸುತ್ತಿದ್ದಳು. ಕೃಶವಾಗಿ ಹಕ್ಕಿಯಂತಾಗಿದ್ದಳು. ಸಿದ್ದೇಶ ಕಾಲು ಮುಟ್ಟಿದರೆ ಅವನ ತಲೆ ಸವರಿದಳು, ಆದರೆ ಕಣ್ಣಿನಲ್ಲಿ ಗುರುತಿರಲಿಲ್ಲ. ಒಳಗಿನಿಂದ ಬಂದ ಆಂಜನೇಯ ಅವನನ್ನು ನೋಡಿ ಬಾಗಿಲಲ್ಲೇ ನಿಂತ.

"ನನಗ ಕಿವಿ ಕೇಳಂಗಿಲ್ಲೋ ಆಂಜಿ" ಎಂದ ಸಿದ್ದೇಶ. ದಾರಿಯಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದ, ಉಳಿದದ್ದು ಇದೊಂದೇ. "ಎಡಗಿವಿ ಪೂರಾ ಹೋಗೇತಿ. ಬಲಗಿವಿನೂ ಅರ್ಧ ಹೋಗೇತಿ. ಅವತ್ತ ನೀ ಏನ್ ಹೇಳಿದಿ ನನಗ ಗೊತ್ತಾಗಲಿಲ್ಲ. ನೀವು ನಗತೀರಿ, ನಾನೂ ನಗತೀನಿ. ಹಂಗ ನಡಸ್ಕೊಂಡು ಬಂದೀನಿ."

ಆಂಜನೇಯ ಅವನಿಗೆ ಕುರ್ಚಿ ತೋರಿಸಿದ. ಆಮೇಲೆ ಹತ್ತಿರ ಬಂದು ಕೂತು, ಜೋರಾಗಿ ಕೇಳಿದ.

"ಎಷ್ಟು ದಿನಾತು?"

"ಮೂರು ನಾಕು ವರ್ಷಾತು."

"ಫೋನ್ ಎತ್ತಲಾರದ್ದು ಅದಕ್ಕ? ನಿನಗ ಸೊಕ್ಕು ಬಂದೈತಿ ಅಂತ ತಿಳ್ಕೊಂಡಿದ್ವಿ ನಾವು. ಹೇಳಿದ್ರ ಏನ್ ಕಡಿಮಿ ಆಕ್ಕಿತ್ತಲೇ ನಿನಗ? ಎಲ್ಲೆರ ಖಾನಾವಳ್ಯಾಗ ಕುಂತು ಉಣ್ತಿದ್ವಿ." ಇನ್ನಷ್ಟು ಮುಂದೆ ಬಾಗಿ ಕೇಳಿದ. "ಹೊರಗ ಬೈಕಿನ ಹತ್ರ ನಾ ಏನ್ ಕೇಳಿದೆ, ಅದೂ ಕೇಳಸಲಿಲ್ಲೇನು?"

"ಇಲ್ಲ."

"'ನಮ್ಮವ್ವ ನಿನಗ ನಗಿ ಬರೂವಂಗ ಆದ್ಲೇನು' ಅಂತ ಕೇಳಿದ್ದೆ. ನೀ ಹೂಂ ಅಂದಿ."

ಆಂಜನೇಯನ ಹೆಂಡತಿ ಚಹಾ ತಂದಿಟ್ಟು ಹೋದಳು. ಇಬ್ಬರೂ ಕುಡಿದರು. ಲೋಟ ಕೆಳಗಿಟ್ಟ ಮೇಲೆ ಸಿದ್ದೇಶ ತನ್ನ ಕುರ್ಚಿಯನ್ನು ತಿರುಗಿಸಿಕೊಂಡ.

"ಈಗ ಹೇಳು ಆಂಜಿ. ಅವ್ವಗ ಯಾವಾಗಿಂದ ಹಿಂಗಾತು, ಏನಾತು, ಎಲ್ಲಾ ಹೇಳು. ಸಮೀಪ ಕುಂತೀನಿ, ಕೇಳಸತೈತಿ."

ಆಂಜನೇಯ ತಾಯಿಯ ಕಡೆ ನೋಡಿದ.

"ನಾ ಯಾರ ಮುಂದೂ ಹೇಳಿದ್ದಿಲ್ಲಪ. ಮನ್ಯಾಗೂ ಅತ್ತಿಲ್ಲ. ಅವತ್ತ ಯಾಕೋ ನಿಮ್ಮನ್ನೆಲ್ಲ ನೋಡಿದ ಕೂಡ್ಲೆ ಬಾಯಿಗೆ ಬಂತು, ಹೇಳಿದೆ. ಈಗ ಬರವಲ್ದು."

ಅವನಿಗೆ ಸಿಟ್ಟು ಉಳಿದಿರಲಿಲ್ಲ. ಹೊರಡುವಾಗ ಕಾರಿನವರೆಗೂ ಬಂದು, ಹುಷಾರು ಎಂದು ಕಿಟಕಿಯಲ್ಲಿ ಬಾಗಿ ಹೇಳಿದ. ಆದರೆ ಆ ದಿನ ಅವನು ಹೇಳಹೊರಟಿದ್ದು ಹೇಳದೆಯೇ ಉಳಿಯಿತು. ಒಮ್ಮೆ ತೆರೆದಿದ್ದ ಬಾಗಿಲು ತಾನು ನಕ್ಕ ಸದ್ದಿಗೆ ಮುಚ್ಚಿಕೊಂಡಿತೆಂದು ಸಿದ್ದೇಶನಿಗೆ ದಾರಿಯಲ್ಲಿ ಹೊಳೆಯಿತು.

ಹುಬ್ಬಳ್ಳಿಯ ಡಾಕ್ಟರು ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಕಿವಿಗೆ ಮಷೀನು ಹಾಕಿಸಿಕೊಂಡ. ಕಾರ್ಖಾನೆಯಲ್ಲಿ ತಾನೇ ಹೋಗಿ ಹೇಳಿದ. ಅವರು ಸ್ಟೋರ್ ರೂಮಿಗೆ ಹಾಕಿದರು. ಅಲ್ಲಿ ಗದ್ದಲವಿಲ್ಲ. ಬಿಡಿಭಾಗಗಳ ರ್‍ಯಾಕುಗಳ ನಡುವೆ ಒಬ್ಬನೇ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತರುತ್ತಾರೆ. ಹಳೆಯ ಶಿಫ್ಟಿನವರು ಊಟಕ್ಕೆ ಕರೆಯಲು ಬಂದರೆ ಬಾಗಿಲಲ್ಲೇ ನಿಂತು ಕೈಯನ್ನು ಬಾಯಿಗೆ ಒಯ್ದು ತೋರಿಸುತ್ತಾರೆ. ಮಷೀನಿನಿಂದ ಭವಾನಿಯ ದನಿ ಕೇಳಿಸುತ್ತಿತ್ತು, ಅದೊಂದು ಸಮಾಧಾನ. ಆದರೆ ಅವಳಿಗೆ ಸಣ್ಣ ಮಾತುಗಳ ರೂಢಿ ತಪ್ಪಿಹೋಗಿತ್ತು. ಒಮ್ಮೊಮ್ಮೆ ಆಸ್ಪತ್ರೆಯ ಯಾವುದಾದರೂ ಕತೆ ಶುರುಮಾಡಿ, ಏನೋ ನೆನಪಾದಂತೆ ಅರ್ಧಕ್ಕೆ ನಿಲ್ಲಿಸುತ್ತಿದ್ದಳು. "ಮುಂದ?" ಎಂದು ಇವನು ಕೇಳುತ್ತಿದ್ದ. ಆಗ ಹೇಳುತ್ತಿದ್ದಳು.

ಅಷ್ಟರಲ್ಲಿ ಕಿವಿಯ ವಿಷಯ ಆಂಜನೇಯನಿಂದ ಉಳಿದಿಬ್ಬರಿಗೂ ಗೊತ್ತಾಗಿತ್ತು; ಶ್ರಾವಣದಲ್ಲಿ ಪ್ರಭುರಾಜ ಮತ್ತೆ ಎಲ್ಲರನ್ನೂ ಕರೆದ. ಈ ಸಲ ಹೋಟೆಲು ಬೇಡ, ನಮ್ಮ ಮನೆಯಲ್ಲೇ, ಫ್ಯಾನೂ ಬಂದ್ ಮಾಡಿಸುತ್ತೇನೆ ಎಂದು ಬರೆದಿದ್ದ. ಮಾಡಿಸಿಯೂ ಇದ್ದ. ನಾಲ್ವರೂ ಬೆವರುತ್ತ ಹೋಳಿಗೆ ಉಂಡರು. ಮೂವರೂ ಸಿದ್ದೇಶನ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ಒಬ್ಬರಾದ ಮೇಲೆ ಒಬ್ಬರು, ಬಿಡಿಸಿ ಬಿಡಿಸಿ, ಮಗ್ಗಿ ಒಪ್ಪಿಸುವ ಹಾಗೆ ಮಾತಾಡಿದರು. ಪ್ರತಿಯೊಂದು ಮಾತಿನ ಕೊನೆಗೂ "ಗೊತ್ತಾತಿಲ್ಲೋ?" ಎಂದು ಪ್ರಭುರಾಜ ಕೇಳುತ್ತಿದ್ದ. ಎಲ್ಲವೂ ಗೊತ್ತಾಗುತ್ತಿತ್ತು. ಆದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳಲಿಲ್ಲ, ಯಾರೂ ಯಾರನ್ನೂ ಕಸಿದುಕೊಳ್ಳಲಿಲ್ಲ. ನಗು ಬರಬೇಕಾದಲ್ಲಿ ಎಲ್ಲರೂ ಅವನು ನಗುವವರೆಗೆ ಕಾಯುತ್ತಿದ್ದರು.

ಕೊನೆಗೆ ಸಿದ್ದೇಶನೇ ಅಂದ. "ನೀವು ನಿಮ್ಮಂಗ ಮಾತಾಡ್ರಲೇ. ನಾ ಕುಂತಿರ್ತೀನಿ. ನಿಮ್ಮನ್ನ ನೋಡ್ಕೋತ ಕುಂತ್ರ ಸಾಕು ನನಗ."

ಮೊದಲು ಮುಜುಗರಪಟ್ಟರು. ಆಮೇಲೆ ಮೆಲ್ಲಗೆ ಮಾತು ತನ್ನ ಓಟ ಹಿಡಿಯಿತು. ತೌಸೀಫ ಮೇಜು ಬಡಿದ. ಸಿದ್ದೇಶ ಹೋಳಿಗೆಗೆ ತುಪ್ಪ ಹಾಕಿಕೊಂಡು ಮೂವರ ಮುಖವನ್ನೂ ನೋಡುತ್ತ ಕೂತ. ಈ ಸಲ ಸುಳ್ಳೇ ನಗಲಿಲ್ಲ.

ಅಷ್ಟರಲ್ಲಿ ಆಂಜನೇಯನಿಗೆ ಮನೆಯಿಂದ ಫೋನು ಬಂತು. ಎದ್ದು ಬಾಲ್ಕನಿಗೆ ಹೋದ. ಹೋದವನು ಬೇಗ ಬರಲಿಲ್ಲ. ಸಿದ್ದೇಶ ಹಿಂದೆ ಹೋಗಿ ನೋಡಿದರೆ ಮಾತು ಮುಗಿದಿತ್ತು; ಫೋನನ್ನು ಕೈಯಲ್ಲಿ ಹಿಡಿದು ಕಂಬಿಗೆ ಒರಗಿ ನಿಂತಿದ್ದ. ಎದುರಿನ ರೈಸ್ ಮಿಲ್ಲಿನ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು, ಯಾವುದೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು. ಸಿದ್ದೇಶ ಪಕ್ಕಕ್ಕೆ ಹೋಗಿ ನಿಂತ. ರಸ್ತೆ ನೋಡುತ್ತಲೇ ಆಂಜನೇಯ ಏನೋ ಹೇಳಿದ. ಎರಡು ಮೂರು ಮಾತು, ಮೆಲ್ಲಗೆ. ಹಾರ್ನಿನ ಸದ್ದನ್ನು ಮಷೀನು ದೊಡ್ಡದು ಮಾಡಿ ಕಿವಿ ತುಂಬಿತ್ತು.

"ಕೇಳಸಲಿಲ್ಲೋ ಆಂಜಿ" ಎಂದ ಸಿದ್ದೇಶ. "ಇನ್ನೊಮ್ಮೆ ಹೇಳು."

ಆಂಜನೇಯ ಅವನ ಕಡೆ ತಿರುಗಿದ. ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದ. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, ಪ್ರೀತಿಯಿಂದಲೇ ಅಂದ.

"ಏನಿಲ್ಲ ಬಿಡು."

ಒಳಗಿನಿಂದ ಪ್ರಭುರಾಜ ಅನ್ನಕ್ಕೆ ಕರೆದ.